ಧರ್ಮದ, ಸಮಾಜದ ಕಾರಣಕ್ಕೆ ಆಶ್ರಯ ಕೇಳಿದರೆ ಟ್ರಿಬ್ಯೂನಲ್ ಏನು ನೋಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನಲ್ಲಿ ಮಕ್ಕಳಿರುವ ಹಿರಿಯರು, ಕಾನೂನು ಓದುವ ಹುಡುಗ ಹುಡುಗಿಯರು, ಪೇಪರ್ ಓದಿ ಗೊಂದಲಕ್ಕೆ ಬಿದ್ದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಒಂದೊಂದು ದೇಶದ ಪದ್ಧತಿ ಒಂದೊಂದು ಥರ. ಅದಕ್ಕೇ ಬ್ರಿಟನ್ ಒಂದನ್ನೇ ಮುಖ್ಯವಾಗಿ ಹಿಡಿದುಕೊಂಡಿದ್ದೇನೆ. ಇದು ಕಾನೂನು ಸಲಹೆ ಅಲ್ಲ. ಸ್ವಂತ ಕೇಸ್ ಇರುವವರು ವಕೀಲರನ್ನೇ ಕಾಣಬೇಕು.

## ಮೊದಲ ಪ್ರಶ್ನೆಗಳು

ಆಶ್ರಯ ಅಂದ್ರೆ ಅದೂ ಒಂಥರಾ ವೀಸಾನಾ?

ಅಲ್ಲ. ವೀಸಾ ಕೊಡುವುದು ಬಿಡುವುದು ಸರ್ಕಾರದ ಇಷ್ಟ. ಆಶ್ರಯದ ವಿಷಯದಲ್ಲಿ ಸರ್ಕಾರ ಮೊದಲೇ ಮಾತು ಕೊಟ್ಟಿದೆ. 1951ರ ಜುಲೈ 28ರಂದು ಜಿನೀವಾದಲ್ಲಿ ನಿರಾಶ್ರಿತರ ಒಪ್ಪಂದ ಆಯಿತು. ಜೀವಭಯದಿಂದ ಬಂದವರನ್ನು ಅದೇ ಅಪಾಯದ ಬಾಯಿಗೆ ವಾಪಸ್ ತಳ್ಳುವುದಿಲ್ಲ ಎಂಬುದೇ ಅದರ ಜೀವಾಳ. ಮೊದಮೊದಲು ಅದು 1951ಕ್ಕೆ ಮುಂಚಿನ ಘಟನೆಗಳಿಂದ ಓಡಿಬಂದವರಿಗೆ ಮಾತ್ರ ಇತ್ತು. 1967ರ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದ, ಆ ಮಿತಿಯನ್ನು ತೆಗೆದುಹಾಕಿತು. ಬ್ರಿಟನ್ನಿನಲ್ಲಿ ಆಶ್ರಯ ಕೇಳಬೇಕಾದರೆ ಆ ದೇಶದೊಳಗೆ ಕಾಲಿಟ್ಟ ಮೇಲೇ ಕೇಳಬೇಕು. ಬೆಂಗಳೂರಿನಲ್ಲಿ ಕೂತು ಅರ್ಜಿ ಹಾಕುವ ದಾರಿ ಇಲ್ಲ.

ನಮ್ಮ ದೇಶದಲ್ಲಿ ಜೀವನ ಕಷ್ಟ ಅಂದ್ರೆ ಸಾಕಾಗಲ್ವಾ?

ಸಾಕಾಗುವುದಿಲ್ಲ. ಬಡತನ, ನಿರುದ್ಯೋಗ, ಬರಗಾಲ ಎಷ್ಟೇ ನಿಜವಾದರೂ ಈ ಒಪ್ಪಂದದೊಳಗೆ ಬರುವುದಿಲ್ಲ. ಒಪ್ಪಂದದಲ್ಲಿರುವ ಕಾರಣಗಳು ಐದೇ: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ಮತ್ತು 'ನಿರ್ದಿಷ್ಟ ಸಾಮಾಜಿಕ ಗುಂಪು'. ಇವುಗಳಲ್ಲಿ ಒಂದರಿಂದಾಗಿ ದೌರ್ಜನ್ಯ ನಡೆಯುವ ಭಯ ಇರಬೇಕು. ಆ ಭಯಕ್ಕೆ ಗಟ್ಟಿ ಆಧಾರ ಇರಬೇಕು. ಸ್ವಂತ ದೇಶದ ಸರ್ಕಾರ ಕಾಪಾಡದ ಸ್ಥಿತಿ ಇರಬೇಕು.

ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಜಾಸ್ತಿ ಜನ ಎಡವುವುದು ಇಲ್ಲಿಯೇ. ಟ್ರಿಬ್ಯೂನಲ್ ಕೇಳುವ ಮುಖ್ಯ ಪ್ರಶ್ನೆ 'ಹಿಂದೆ ಏನಾಯಿತು' ಎಂಬುದಲ್ಲ. 'ಇವತ್ತು ಈ ಮನುಷ್ಯನನ್ನು ವಿಮಾನ ಹತ್ತಿಸಿ ಕಳಿಸಿದರೆ ಮುಂದೆ ಏನಾಗುತ್ತದೆ' ಎಂಬುದು. ಹಿಂದೆ ಹೊಡೆತ ತಿಂದದ್ದು ಮುಂದಿನ ಅಪಾಯಕ್ಕೆ ಒಳ್ಳೆಯ ಸಾಕ್ಷಿ, ಅಷ್ಟೇ. ಒಂದು ಏಟೂ ತಿನ್ನದವರಿಗೂ ಆಶ್ರಯ ಸಿಗಬಹುದು. ತುಂಬ ಹಿಂಸೆ ಅನುಭವಿಸಿದವರಿಗೂ, ಅಲ್ಲಿನ ಪರಿಸ್ಥಿತಿ ಬದಲಾಗಿದ್ದರೆ, ಸಿಗದೇ ಹೋಗಬಹುದು.

ಟ್ರಿಬ್ಯೂನಲ್ ಅಂದ್ರೆ ಕೋರ್ಟಾ? ಕೇಸ್ ಅಲ್ಲಿಗೆ ಹೇಗೆ ಬರುತ್ತೆ?

ಅರ್ಜಿಯನ್ನು ಮೊದಲು ನೋಡುವುದು ಹೋಮ್ ಆಫೀಸ್, ಅಂದರೆ ಅಲ್ಲಿನ ಗೃಹ ಇಲಾಖೆ. ಚಿಕ್ಕದೊಂದು ಆರಂಭದ ಸಂದರ್ಶನ, ಆಮೇಲೆ ಗಂಟೆಗಟ್ಟಲೆ ನಡೆಯುವ ದೊಡ್ಡ ಸಂದರ್ಶನ. ಅರ್ಜಿ ತಿರಸ್ಕಾರವಾದರೆ ಕಾರಣಗಳನ್ನು ಬರೆದು ಪತ್ರ ಕೊಡುತ್ತಾರೆ. ಅದರ ಮೇಲೆ ಸಾಮಾನ್ಯವಾಗಿ 14 ದಿನದೊಳಗೆ ಅಪೀಲು ಹಾಕಬೇಕು. ಅದನ್ನು ಕೇಳುವುದು ಫಸ್ಟ್ ಟಿಯರ್ ಟ್ರಿಬ್ಯೂನಲ್‌ನ ವಲಸೆ ಮತ್ತು ಆಶ್ರಯ ವಿಭಾಗ. ಹೆಚ್ಚಾಗಿ ಒಬ್ಬರೇ ಜಡ್ಜ್. ಒಂದು ಕಡೆ ಅರ್ಜಿದಾರ ಮತ್ತು ವಕೀಲರು, ಇನ್ನೊಂದು ಕಡೆ ಹೋಮ್ ಆಫೀಸಿನ ಪ್ರತಿನಿಧಿ. ಇಂಗ್ಲಿಷ್ ಬಾರದವರಿಗೆ ದುಭಾಷಿಯನ್ನು ಟ್ರಿಬ್ಯೂನಲ್ಲೇ ಒದಗಿಸುತ್ತದೆ. ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತದೆ ಎಂಬ ಧೈರ್ಯದಲ್ಲಿ ದುಭಾಷಿ ಬೇಡ ಅನ್ನುವುದು ಒಳ್ಳೆಯದಲ್ಲ. ಪಾಟಿ ಸವಾಲಿನಲ್ಲಿ ಒಂದೊಂದು ಮಾತಿಗೂ ತೂಕ ಇರುತ್ತದೆ.

ಪ್ರಕಟವಾಗುವ ತೀರ್ಪುಗಳಲ್ಲಿ ಸಾಮಾನ್ಯವಾಗಿ ಹೆಸರಿನ ಬದಲು ಇನಿಷಿಯಲ್ ಮಾತ್ರ ಇರುತ್ತದೆ. ಕೆಳಗೆ 'ಎಚ್‌ಜೆ (ಇರಾನ್)' ಎಂಬಂಥ ಹೆಸರು ಬರುವುದು ಅದಕ್ಕೇ. ಊರಲ್ಲಿ ಉಳಿದ ಮನೆಯವರಿಗೆ ತೊಂದರೆ ಆಗಬಾರದಲ್ವಾ?

ಭಾರತದಲ್ಲೂ ಇಂಥದ್ದೇ ಟ್ರಿಬ್ಯೂನಲ್ ಇದೆಯಲ್ಲ, ಅಸ್ಸಾಂನಲ್ಲಿ?

ಅದು ಬೇರೆ. ಅಸ್ಸಾಂನ ವಿದೇಶಿಯರ ಟ್ರಿಬ್ಯೂನಲ್ ನೋಡುವುದು ಒಬ್ಬ ವ್ಯಕ್ತಿ ಭಾರತದ ಪ್ರಜೆಯೋ ಅಲ್ಲವೋ ಎಂಬುದನ್ನು. ಆಶ್ರಯದ ಅರ್ಜಿ ಅಲ್ಲಿಗೆ ಹೋಗುವುದಿಲ್ಲ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಒಂದು ಕಾನೂನೂ ನಮ್ಮಲ್ಲಿಲ್ಲ. ಬೈಲುಕುಪ್ಪೆ, ಮುಂಡಗೋಡದ ಟಿಬೆಟನ್ನರು ಯಾವ ಟ್ರಿಬ್ಯೂನಲ್ ಮುಂದೆಯೂ ನಿಂತವರಲ್ಲ. ಸರ್ಕಾರವೇ ತೀರ್ಮಾನ ಮಾಡಿ ಜಮೀನು ಕೊಟ್ಟಿತು, ನೋಂದಣಿ ಪತ್ರ ಕೊಟ್ಟಿತು. ಬೇರೆ ಕೆಲವು ದೇಶಗಳಿಂದ ಬಂದವರ ಅರ್ಜಿಯನ್ನು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ದೆಹಲಿಯಲ್ಲಿ ನೋಡುತ್ತದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಕೂಡ ಒಬ್ಬೊಬ್ಬರ ಭಯವನ್ನು ಕೂತು ವಿಚಾರಿಸುವ ಏರ್ಪಾಡಲ್ಲ. ಮೂರು ದೇಶ, ಆರು ಧರ್ಮ, 2014ರ ಡಿಸೆಂಬರ್ 31 ಎಂಬ ಗಡುವು, ಇವೇ ಅದರ ಅಳತೆ. ಆದರೂ ನಮ್ಮ ಸುಪ್ರೀಂ ಕೋರ್ಟ್ 1996ರಲ್ಲಿ ಅರುಣಾಚಲದ ಚಕ್ಮಾ ಜನರ ಕೇಸಿನಲ್ಲಿ, ಸಂವಿಧಾನದ 21ನೇ ವಿಧಿ ಪ್ರಜೆಗಳಲ್ಲದವರ ಜೀವವನ್ನೂ ಕಾಯುತ್ತದೆ ಎಂದು ಸ್ಪಷ್ಟವಾಗಿ ಹೇಳಿತು.

## ನಂಬಿಕೆ, ಪುರಾವೆ

ಓಡಿಬಂದವರ ಕೈಯಲ್ಲಿ ಒಂದು ಕಾಗದವೂ ಇರಲ್ಲ. ಏನಂತ ಸಾಬೀತು ಮಾಡ್ತಾರೆ?

ಕಾಗದ ಇಲ್ಲ ಎಂಬ ಒಂದೇ ಕಾರಣಕ್ಕೆ ಕೇಸ್ ಬೀಳುವುದಿಲ್ಲ. ಕಿರುಕುಳ ಕೊಡುವವರು ಪ್ರಮಾಣಪತ್ರ ಕೊಟ್ಟು ಕಳಿಸುವುದಿಲ್ಲ ಎಂಬುದು ಜಡ್ಜ್‌ಗಳಿಗೂ ಗೊತ್ತು. ಹೆಚ್ಚಿನ ಕೇಸುಗಳಲ್ಲಿ ಮುಖ್ಯ ಸಾಕ್ಷಿ ಅರ್ಜಿದಾರರ ಮಾತೇ.

ಎಷ್ಟು ಮಟ್ಟಿಗೆ ಸಾಬೀತಾಗಬೇಕು ಎಂಬುದು ಈಗ ಸ್ವಲ್ಪ ಜಟಿಲವಾಗಿದೆ. 1988ರ ಶಿವಕುಮಾರನ್ ಕೇಸಿನಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅಳತೆಯನ್ನು ಕೆಳಗಿಟ್ಟಿತ್ತು. ಅದು ಶ್ರೀಲಂಕಾದ ತಮಿಳರ ಕೇಸು. ಅಪಾಯ ಖಂಡಿತ ಎಂದು ತೋರಿಸಬೇಕಿಲ್ಲ, ಅಪಾಯ ಆಗುವ ಸಾಧ್ಯತೆ ತಕ್ಕಮಟ್ಟಿಗೆ ಇದ್ದರೆ ಸಾಕು ಎಂದಿತು. ಜಡ್ಜ್ ತಪ್ಪು ಮಾಡಿದರೆ ಹೋಗುವುದು ಒಂದು ಜೀವ, ಹಾಗಾಗಿ ಈ ಅಳತೆ ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. 2022ರ ರಾಷ್ಟ್ರೀಯತೆ ಮತ್ತು ಗಡಿ ಕಾಯ್ದೆ ಇದನ್ನು ಎರಡು ಮೆಟ್ಟಿಲು ಮಾಡಿತು. 2022ರ ಜೂನ್ 28ರಿಂದ ಸಲ್ಲಿಸಿದ ಅರ್ಜಿಗಳಲ್ಲಿ, ಅರ್ಜಿದಾರ ನಿಜವಾಗಿ ಆ ಧರ್ಮದವನೇ ಅಥವಾ ಆ ಗುಂಪಿನವನೇ, ಅದರಿಂದಾಗಿ ಅವನಿಗೆ ಭಯ ಇದೆಯೇ ಎಂಬುದು ಸಾಧ್ಯತೆಯ ತಕ್ಕಡಿಯಲ್ಲಿ ಅರ್ಧಕ್ಕಿಂತ ಮೇಲೆ ತೂಗಬೇಕು. ಅದನ್ನು ದಾಟಿದ ಮೇಲೆ, ಅಪಾಯ ಇದೆಯೇ ಎಂಬುದಕ್ಕೆ ಹಳೆಯ ಕೆಳಗಿನ ಅಳತೆಯೇ. ಧರ್ಮದ ಕೇಸುಗಳಿಗೆ ಇದರ ಬಿಸಿ ಜಾಸ್ತಿ ತಟ್ಟಿದೆ, ಏಕೆಂದರೆ ಅಲ್ಲಿ ಜಗಳ ನಡೆಯುವುದೇ ಮೊದಲ ಮೆಟ್ಟಿಲಲ್ಲಿ.

ತಾರೀಖು ತಪ್ಪಿ ಹೇಳಿದ್ರೆ ಕೇಸ್ ಹೋಯ್ತಾ?

ಸಣ್ಣ ತಪ್ಪಿಗೆ ಹೋಗಬಾರದು. ಆದರೆ ತಿರಸ್ಕಾರದ ಪತ್ರಗಳಲ್ಲಿ ಇಂಥ ತಪ್ಪುಗಳನ್ನು ಹುಡುಕಿ ಹುಡುಕಿ ಬರೆದಿರುತ್ತಾರೆ. ಮೊದಲ ಸಂದರ್ಶನದಲ್ಲಿ ಒಂದು ತಿಂಗಳು, ಎರಡನೆಯದರಲ್ಲಿ ಇನ್ನೊಂದು ತಿಂಗಳು. ಇರಾನಿನ ವರ್ಷ ಮಾರ್ಚಿನಲ್ಲಿ ಶುರುವಾಗುತ್ತದೆ, ಅದನ್ನು ಇಂಗ್ಲಿಷ್ ಕ್ಯಾಲೆಂಡರಿಗೆ ತಿರುಗಿಸುವಾಗಲೇ ಎಷ್ಟೋ ತಪ್ಪು ಆಗುತ್ತದೆ. ನಮ್ಮ ಹಳ್ಳಿಗಳಲ್ಲೂ ಜಾತ್ರೆ ಆದ ಮೇಲೆ, ರಾಗಿ ಕೊಯ್ಲಿನ ಹೊತ್ತಿಗೆ ಎಂದು ನೆನಪಿಟ್ಟುಕೊಳ್ಳುವವರು ಎಷ್ಟು ಜನ!

ಒಳ್ಳೆಯ ಜಡ್ಜ್ ತಪ್ಪು ಎಲ್ಲಿದೆ ಎಂದು ನೋಡುತ್ತಾರೆ, ಕತೆಯ ಅಂಚಿನಲ್ಲೋ ನಡುವಿನಲ್ಲೋ. ಹಿಂಸೆ ಅನುಭವಿಸಿದವರ ನೆನಪು ಚೂರುಚೂರಾಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಗ ಗಾಬರಿಯಾಗುವ, ಮನಸ್ಸಿಗೆ ಪೆಟ್ಟಾದ ಸಾಕ್ಷಿಗಳನ್ನು ಹೇಗೆ ವಿಚಾರಿಸಬೇಕು ಎಂದು ಟ್ರಿಬ್ಯೂನಲ್‌ಗೆ 2010ರಿಂದಲೇ ಮಾರ್ಗಸೂಚಿ ಇದೆ. 2006ರ ಎಚ್‌ಕೆ ಕೇಸಿನಲ್ಲಿ ಅಪೀಲು ಕೋರ್ಟ್ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಬ್ರಿಟನ್ನಿನ ಬದುಕಿನ ಕಣ್ಣಿಗೆ 'ಹೀಗೆಲ್ಲ ಆಗಲು ಸಾಧ್ಯವೇ' ಅನ್ನಿಸಿದ್ದು ಬೇರೆ ಸಮಾಜದಲ್ಲಿ ದಿನನಿತ್ಯದ ಸಂಗತಿ ಇರಬಹುದು, ಅದಕ್ಕಾಗಿಯೇ ಸುಳ್ಳು ಅನ್ನಬೇಡಿ ಎಂದು.

ತಡಮಾಡುವುದು ಮಾತ್ರ ನಿಜಕ್ಕೂ ಪೆಟ್ಟು ಕೊಡುತ್ತದೆ. ವಿದ್ಯಾರ್ಥಿ ವೀಸಾ ಮುಗಿದು ಸಿಕ್ಕಿಬಿದ್ದ ಮೇಲೆ ಆಶ್ರಯ ಕೇಳಿದರೆ, 2004ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಅದು ನಂಬಿಕೆಯನ್ನು ಕುಗ್ಗಿಸುವ ಸಂಗತಿ. ಹಾಗಂತ ಅದೊಂದರ ಮೇಲೇ ಕೇಸನ್ನು ತಳ್ಳಿಹಾಕುವಂತಿಲ್ಲ.

ಎಫ್‌ಐಆರ್, ಡಾಕ್ಟರ್ ರಿಪೋರ್ಟ್ ಕೊಟ್ರೆ ಗೆದ್ದಂಗೇನಾ?

ಅಲ್ಲ. 2002ರ ತನ್ವೀರ್ ಅಹ್ಮದ್ ತೀರ್ಪಿನ ಪ್ರಕಾರ, ಕಾಗದ ನಂಬಲು ಯೋಗ್ಯ ಎಂದು ತೋರಿಸುವ ಹೊಣೆ ಅರ್ಜಿದಾರರದ್ದೇ. ಅದನ್ನು ಬೇರೆ ಎಲ್ಲ ಸಾಕ್ಷ್ಯದ ಜೊತೆ ಇಟ್ಟು ನೋಡುತ್ತಾರೆ. ದುಡ್ಡು ಕೊಟ್ಟು ಮಾಡಿಸಿದ ನಕಲಿ ಎಫ್‌ಐಆರ್ ನಿಜವಾದ ಕೇಸನ್ನೂ ಮುಳುಗಿಸುತ್ತದೆ.

ಗಾಯದ ಗುರುತುಗಳ ಬಗ್ಗೆ 2019ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೆವಿ (ಶ್ರೀಲಂಕಾ) ತೀರ್ಪು ಕೊಟ್ಟಿತು. ಬೆನ್ನಿನ ಮೇಲಿನ ಸುಟ್ಟ ಗುರುತುಗಳನ್ನು ಆಶ್ರಯಕ್ಕಾಗಿ ಅರ್ಜಿದಾರನೇ ಬೇರೆಯವರಿಂದ ಮಾಡಿಸಿಕೊಂಡಿರಬಹುದು ಎಂದು ಕೆಳಗಿನವರು ಅನುಮಾನಪಟ್ಟಿದ್ದರು. ಅಷ್ಟು ನೋವನ್ನು ಬೇಕೆಂದೇ ಅನುಭವಿಸುವವರು ತೀರಾ ಅಪರೂಪ, ಅದನ್ನು ಮರೆಯಬೇಡಿ ಎಂದಿತು ಕೋರ್ಟ್. ಗಾಯ ಹೇಗೆ ಆಗಿರಬಹುದು ಎಂದು ವೈದ್ಯರು ತಮ್ಮ ಅಭಿಪ್ರಾಯ ಹೇಳಬಹುದು ಎಂಬುದನ್ನೂ ಒಪ್ಪಿತು.

ಲಂಡನ್‌ನಲ್ಲಿ ಕೂತ ಜಡ್ಜ್‌ಗೆ ಪಾಕಿಸ್ತಾನದಲ್ಲಿ ಏನಾಗ್ತಿದೆ ಅಂತ ಹೇಗೆ ಗೊತ್ತು?

ಹೋಮ್ ಆಫೀಸಿನ ದೇಶವಾರು ವರದಿಗಳು, ವಿಶ್ವಸಂಸ್ಥೆಯ ವರದಿಗಳು, ತಜ್ಞರ ಹೇಳಿಕೆಗಳು ಮುಂದೆ ಇರುತ್ತವೆ. ಜೊತೆಗೆ ಮೇಲಿನ ಹಂತದ ಅಪ್ಪರ್ ಟ್ರಿಬ್ಯೂನಲ್ ಕೆಲವು ಕೇಸುಗಳನ್ನು ಆರಿಸಿ 'ದೇಶ ಮಾರ್ಗದರ್ಶಿ' ತೀರ್ಪು ಕೊಡುತ್ತದೆ. ಬಲವಾದ ಹೊಸ ಸಾಕ್ಷ್ಯ ಇಲ್ಲದಿದ್ದರೆ ಕೆಳಗಿನ ಜಡ್ಜ್‌ಗಳು ಅದನ್ನೇ ಅನುಸರಿಸಬೇಕು. ಇದರಿಂದ ಒಂದೇ ಥರದ ಇಬ್ಬರಿಗೆ ಎರಡು ಥರದ ತೀರ್ಪು ಬರುವುದು ತಪ್ಪುತ್ತದೆ. ತೊಂದರೆ ಏನೆಂದರೆ ದೇಶಗಳು ಬದಲಾಗುತ್ತವೆ. ಅಫ್ಘಾನಿಸ್ತಾನದ ಸಿಖ್ಖರ ಬಗ್ಗೆ ಟಿಜಿ ಎಂಬ ಮಾರ್ಗದರ್ಶಿ ತೀರ್ಪು ಬಂದದ್ದು 2015ರಲ್ಲಿ. 2020ರ ಮಾರ್ಚ್‌ನಲ್ಲಿ ಕಾಬೂಲಿನ ಗುರುದ್ವಾರದ ಮೇಲೆ ದಾಳಿ ಆಯಿತು, 2021ರ ಆಗಸ್ಟ್‌ನಲ್ಲಿ ತಾಲಿಬಾನ್ ವಾಪಸ್ ಬಂತು. ಹಳೆಯ ತೀರ್ಪನ್ನು ಹಿಡಿದು ಕೂತರೆ ಆಗುವುದಿಲ್ಲ. ಬದಲಾವಣೆಯನ್ನು ಜಡ್ಜ್ ಮುಂದೆ ಇಡುವುದು ವಕೀಲರ ಕೆಲಸ.

## ಧರ್ಮದ ಕೇಸುಗಳು

ಒಬ್ಬರ ಭಕ್ತಿ ನಿಜಾನೋ ಸುಳ್ಳೋ ಅಂತ ಜಡ್ಜ್ ಹೇಗೆ ಅಳೀತಾರೆ?

ಹಿಂದೆ ಕ್ವಿಜ್ ಥರ ಪ್ರಶ್ನೆ ಕೇಳುವುದು ಜೋರಾಗಿತ್ತು. ಹತ್ತು ಆಜ್ಞೆಗಳನ್ನು ಹೇಳಿ, ಹನ್ನೆರಡು ಶಿಷ್ಯರ ಹೆಸರು ಹೇಳಿ ಎಂದು. ಇದು ಕೆಟ್ಟ ಪರೀಕ್ಷೆ. ಬಾಯಿಪಾಠ ಮಾಡಿದವನು ಪಾಸಾಗುತ್ತಾನೆ. ಓದುಬರಹ ಬಾರದ ನಿಜವಾದ ಭಕ್ತೆ ಫೇಲಾಗುತ್ತಾಳೆ. 2018ರಲ್ಲಿ ಪಾಕಿಸ್ತಾನದ ಒಬ್ಬ ಮಾನವತಾವಾದಿಯ (ಧರ್ಮದ ಬದಲು ಮಾನವೀಯ ಮೌಲ್ಯಗಳನ್ನೇ ನಂಬುವವನ) ಅರ್ಜಿಯನ್ನು ಹೋಮ್ ಆಫೀಸ್ ತಿರಸ್ಕರಿಸಿತು. ಪ್ಲೇಟೋ, ಅರಿಸ್ಟಾಟಲ್ ಹೆಸರನ್ನು ಆತ ಹೇಳಲಿಲ್ಲ ಎಂಬುದೂ ಕಾರಣಗಳಲ್ಲಿ ಒಂದಾಗಿತ್ತು. ತತ್ವಶಾಸ್ತ್ರದ ಪಂಡಿತರೇ ಅದನ್ನು ಬಹಿರಂಗವಾಗಿ ಖಂಡಿಸಿದರು.

ಈಗ ಟ್ರಿಬ್ಯೂನಲ್ ನೋಡಬೇಕಾದ್ದು ಬದುಕನ್ನು. ನಂಬಿಕೆ ಹೇಗೆ ಶುರುವಾಯಿತು, ಯಾಕೆ, ದಿನನಿತ್ಯದಲ್ಲಿ ಏನು ಬದಲಾಯಿತು, ಮನೆಯವರಿಗೆ ಹೇಳಿದಾಗ ಏನಾಯಿತು. ಇರಾನಿನಿಂದ ಬಂದು ಕ್ರೈಸ್ತರಾದವರ ಕೇಸುಗಳಲ್ಲಿ ಚರ್ಚಿನ ಪಾದ್ರಿ ಖುದ್ದಾಗಿ ಬಂದು ಸಾಕ್ಷಿ ಹೇಳುವುದಕ್ಕೆ ದೊಡ್ಡ ಬೆಲೆ ಇದೆ. 2001ರ ಡೊರೊಡಿಯನ್ ಕೇಸಿನಿಂದಲೇ ಈ ರೂಢಿ ಇದೆ. 2018ರಲ್ಲಿ ಸ್ಕಾಟ್ಲೆಂಡಿನ ಕೋರ್ಟ್ ಟಿಎಫ್ ಮತ್ತು ಎಂಎ ಕೇಸಿನಲ್ಲಿ ಇನ್ನೂ ಮುಂದೆ ಹೋಯಿತು. ಅರ್ಜಿದಾರ ಬೇರೆ ವಿಷಯದಲ್ಲಿ ಸುಳ್ಳು ಹೇಳಿದ್ದಾನೆ ಎಂಬ ಕಾರಣಕ್ಕೆ, ವರ್ಷಗಟ್ಟಲೆ ಅವನನ್ನು ಹತ್ತಿರದಿಂದ ಕಂಡ ಚರ್ಚಿನವರ ಮಾತನ್ನು ಬದಿಗೆ ಸರಿಸಬಾರದು ಎಂದಿತು.

ಆಶ್ರಯ ಸಿಗಲಿ ಅಂತಲೇ ಮತ ಬದಲಾಯಿಸಿದವರನ್ನ ಏನು ಮಾಡ್ತಾರೆ?

ಈ ಪ್ರಶ್ನೆಯನ್ನು ಜನ ಕೋಪದಿಂದಲೇ ಕೇಳುತ್ತಾರೆ. ಸುಳ್ಳು ಸಿಕ್ಕಿಬಿದ್ದರೆ ನಂಬಿಕೆ ಕೆಡುತ್ತದೆ, ಹೆಚ್ಚಿನವರು ಸೋಲುತ್ತಾರೆ. ಆದರೆ ಅಲ್ಲಿಗೇ ವಿಚಾರಣೆ ಮುಗಿಯುವುದಿಲ್ಲ. 1999ರ ಡಾನಿಯನ್ ಕೇಸಿನಲ್ಲಿ ಅಪೀಲು ಕೋರ್ಟ್ ಹೇಳಿದ್ದು ಇದು: ಕೆಟ್ಟ ಉದ್ದೇಶದಿಂದ ಮಾಡಿದ ಕೆಲಸವೇ ಆಗಲಿ, ಅದರಿಂದ ನಿಜವಾದ ಅಪಾಯ ಹುಟ್ಟಿದ್ದರೆ ಒಪ್ಪಂದದ ರಕ್ಷಣೆ ಸಿಗಬೇಕು. ಇರಾನ್ ಕ್ರೈಸ್ತರ ಬಗ್ಗೆ 2020ರ ಪಿಎಸ್ ಮಾರ್ಗದರ್ಶಿ ತೀರ್ಪೂ ಇದನ್ನೇ ಅನುಸರಿಸುತ್ತದೆ. ಮತಾಂತರ ನಿಜವಲ್ಲ ಎಂದು ಕಂಡರೂ, ವಿಮಾನ ನಿಲ್ದಾಣದಲ್ಲಿ ಇಳಿದಾಗ ಈ ವ್ಯಕ್ತಿಗೆ ಏನಾಗಬಹುದು ಎಂದು ಕೇಳಲೇಬೇಕು. ಸುಳ್ಳು ಹೇಳಿದವನಿಗೂ ಚಿತ್ರಹಿಂಸೆಯ ಶಿಕ್ಷೆ ನ್ಯಾಯವಲ್ಲ. ಇದು ಸರಿಯಾದ ಕಾನೂನು ಎಂದೇ ನಾನು ನಂಬುತ್ತೇನೆ.

ಮನೆಯೊಳಗೆ ಪ್ರಾರ್ಥನೆ ಮಾಡ್ಕೊಂಡು ಸುಮ್ನೆ ಇರಬಹುದಲ್ವಾ?

ಈ ಇಡೀ ವಿಷಯದ ಹೃದಯ ಇದೇ ಪ್ರಶ್ನೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಪಾಕಿಸ್ತಾನದ ಅಹ್ಮದಿಗಳನ್ನು ನೋಡಿ. 1974ರಲ್ಲಿ ಅಲ್ಲಿನ ಸಂವಿಧಾನ ತಿದ್ದುಪಡಿ ಮಾಡಿ ಅವರನ್ನು ಮುಸ್ಲಿಮೇತರರು ಎಂದು ಘೋಷಿಸಿದರು. 1984ರ ಸುಗ್ರೀವಾಜ್ಞೆ ದಂಡಸಂಹಿತೆಗೆ 298ಬಿ, 298ಸಿ ಸೇರಿಸಿತು. ಅಹ್ಮದಿಯೊಬ್ಬ ತನ್ನನ್ನು ಮುಸ್ಲಿಂ ಎಂದು ಕರೆದುಕೊಂಡರೆ, ತನ್ನ ಪ್ರಾರ್ಥನಾ ಸ್ಥಳವನ್ನು ಮಸೀದಿ ಎಂದರೆ, ತನ್ನ ನಂಬಿಕೆಯನ್ನು ಪ್ರಚಾರ ಮಾಡಿದರೆ ಮೂರು ವರ್ಷದವರೆಗೆ ಜೈಲು. ಬಾಗಿಲು ಹಾಕಿಕೊಂಡು ಇದ್ದರೆ ಎಷ್ಟೋ ಜನಕ್ಕೆ ಏನೂ ಆಗುವುದಿಲ್ಲ. ಬಹಳ ಕಾಲ ಟ್ರಿಬ್ಯೂನಲ್‌ಗಳು 'ಹಾಗಾದರೆ ಬಾಗಿಲು ಹಾಕಿಕೊಂಡೇ ಇರಿ' ಎಂದು ಕಳಿಸುತ್ತಿದ್ದವು.

2010ರ ಜುಲೈ 7ರಂದು ಸುಪ್ರೀಂ ಕೋರ್ಟ್ ಎಚ್‌ಜೆ (ಇರಾನ್), ಎಚ್‌ಟಿ (ಕ್ಯಾಮರೂನ್) ತೀರ್ಪು ಕೊಟ್ಟಿತು. ಅದು ಇಬ್ಬರು ಗೇ ಪುರುಷರ ಕೇಸು. ಗುಟ್ಟಾಗಿ ಬದುಕಿದರೆ ಅಪಾಯವಿಲ್ಲ, ಅದನ್ನು ಸಹಿಸಿಕೊಳ್ಳಬಹುದು ಎಂದು ಅವರ ಅರ್ಜಿಗಳನ್ನು ತಳ್ಳಿಹಾಕಲಾಗಿತ್ತು. ಸುಪ್ರೀಂ ಕೋರ್ಟ್ ಆ ವಾದವನ್ನೇ ಬುಡಸಮೇತ ಕಿತ್ತುಹಾಕಿತು. ಈ ವ್ಯಕ್ತಿ ವಾಪಸ್ ಹೋದರೆ ಗುಟ್ಟಾಗಿ ಬದುಕುತ್ತಾನೆ ಎಂದಾದರೆ, ಯಾಕೆ ಎಂದು ಕೇಳಿ. ಅವನ ಸ್ವಭಾವವೇ ಹಾಗೆ, ಅಥವಾ ಅಪ್ಪ ಅಮ್ಮನಿಗೆ ಬೇಜಾರಾಗುತ್ತದೆ ಎಂಬುದಷ್ಟೇ ಕಾರಣವಾದರೆ ಆಶ್ರಯ ಇಲ್ಲ. ಬಹಿರಂಗವಾಗಿ ಬದುಕಿದರೆ ಹೊಡೆಯುತ್ತಾರೆ, ಕೊಲ್ಲುತ್ತಾರೆ ಎಂಬ ಭಯ ಮುಖ್ಯ ಕಾರಣಗಳಲ್ಲಿ ಒಂದಾಗಿದ್ದರೆ ಅವನು ನಿರಾಶ್ರಿತನೇ.

ಎರಡು ವರ್ಷದ ನಂತರ ಇದೇ ದಾರಿ ಧರ್ಮಕ್ಕೂ ತೆರೆಯಿತು. 2012ರ ಸೆಪ್ಟೆಂಬರ್ 5ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಜರ್ಮನಿಯಲ್ಲಿ ಆಶ್ರಯ ಕೇಳಿದ್ದ ಇಬ್ಬರು ಪಾಕಿಸ್ತಾನಿ ಅಹ್ಮದಿಗಳ ಕೇಸಿನಲ್ಲಿ, ಧರ್ಮ ಎಂದರೆ ಮನೆಯೊಳಗಿನದು ಮಾತ್ರವಲ್ಲ, ನಾಲ್ಕು ಜನರ ನಡುವೆ ಆಚರಿಸುವುದೂ ಸೇರಿದೆ, ಅದನ್ನು ಬಿಟ್ಟುಬಿಡಿ ಎಂದು ಅಧಿಕಾರಿಗಳು ಹೇಳುವಂತಿಲ್ಲ ಎಂದಿತು. ಅದೇ ವರ್ಷ ಬ್ರಿಟನ್ನಿನ ಅಪ್ಪರ್ ಟ್ರಿಬ್ಯೂನಲ್ ಎಂಎನ್ ಎಂಬ ಮಾರ್ಗದರ್ಶಿ ತೀರ್ಪು ಕೊಟ್ಟಿತು. ಅದರ ಪ್ರಕಾರ ಈಗಲೂ ಕೇಳುವ ಪ್ರಶ್ನೆ: ಕಾನೂನು ನಿಷೇಧಿಸಿದ ಆ ಬಹಿರಂಗ ಆಚರಣೆ ಈ ಅಹ್ಮದಿಯ ಧಾರ್ಮಿಕ ಬದುಕಿಗೆ ನಿಜಕ್ಕೂ ಮುಖ್ಯವೇ? ಮುಖ್ಯವಾದರೆ ರಕ್ಷಣೆ ಸಿಗುವ ಸಾಧ್ಯತೆ ಹೆಚ್ಚು.

2012ರಲ್ಲೇ ಸುಪ್ರೀಂ ಕೋರ್ಟ್ ಆರ್‌ಟಿ (ಜಿಂಬಾಬ್ವೆ) ಕೇಸಿನಲ್ಲಿ, ಯಾವ ರಾಜಕೀಯ ನಂಬಿಕೆಯೂ ಇಲ್ಲದವನನ್ನು 'ಆಳುವ ಪಕ್ಷಕ್ಕೆ ಜೈ ಅನ್ನು, ಬದುಕಿಕೊಳ್ಳುತ್ತೀಯ' ಎಂದು ಕಳಿಸುವಂತಿಲ್ಲ ಎಂದಿತು. ನಾಸ್ತಿಕರಿಗೂ ಇದರ ಲಾಭ ಇದೆ. ನಂಬದೇ ಇರುವ ಹಕ್ಕನ್ನೂ ಕಾಯಬೇಕು.

## ಸಮಾಜದ ಕೇಸುಗಳು

'ಸಾಮಾಜಿಕ ಗುಂಪು' ಅಂದ್ರೆ ಯಾವುದು? ಹೆಂಗಸರೆಲ್ಲ ಸೇರಿ ಒಂದು ಗುಂಪಾ?

ಹೌದು, ಕೆಲವು ದೇಶಗಳಲ್ಲಿ. 1999ರ ಮಾರ್ಚ್ 25ರಂದು ಹೌಸ್ ಆಫ್ ಲಾರ್ಡ್ಸ್ ಇಸ್ಲಾಂ ಮತ್ತು ಶಾ ಕೇಸಿನಲ್ಲಿ ಇದನ್ನೇ ಹೇಳಿತು. ಇಬ್ಬರು ಪಾಕಿಸ್ತಾನಿ ಹೆಂಗಸರು. ಗಂಡಂದಿರು ಹೊಡೆದು ಮನೆಯಿಂದ ಹೊರಗೆ ಹಾಕಿದ್ದರು. ವಾಪಸ್ ಹೋದರೆ ವ್ಯಭಿಚಾರದ ಆರೋಪ. ಕಾಪಾಡಬೇಕಾದ ಸರ್ಕಾರ ಹೆಂಗಸರು ಎಂಬ ಕಾರಣಕ್ಕೇ ಕೈಚೆಲ್ಲಿತ್ತು. ಲಾರ್ಡ್ ಹಾಫ್‌ಮನ್ ಅಲ್ಲಿ ಕೊಟ್ಟ ಉದಾಹರಣೆ ಇಂದಿಗೂ ಪಾಠಕ್ಕೆ ಬರುತ್ತದೆ. ನಾಜಿ ಜರ್ಮನಿಯಲ್ಲಿ ಒಬ್ಬ ಯಹೂದಿ ಅಂಗಡಿಯವನನ್ನು ಪಕ್ಕದ ಅಂಗಡಿಯವನು ವ್ಯಾಪಾರದ ಮತ್ಸರದಿಂದ ಹೊಡೆಸುತ್ತಾನೆ. ಹೊಡೆಸಿದವನ ಕಾರಣ ದುಡ್ಡು. ಆದರೆ ಪೊಲೀಸರು ಬಾರದಿರುವುದು ಅವನು ಯಹೂದಿ ಎಂದು. ಎರಡೂ ಸೇರಿದಾಗ ಅದು ಒಪ್ಪಂದದೊಳಗಿನ ದೌರ್ಜನ್ಯವೇ.

2006ರಲ್ಲಿ ಸಿಯೆರಾ ಲಿಯೋನ್‌ನ ಫೋರ್ನಾ ಕೇಸಿನಲ್ಲಿ, ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಗೆ ಹೆದರಿ ಬಂದ ಹುಡುಗಿಗೂ ಇದೇ ಕಾರಣದ ಮೇಲೆ ರಕ್ಷಣೆ ಸಿಕ್ಕಿತು. 2022ರ ಕಾಯ್ದೆ ಮಾತ್ರ ಬಾಗಿಲನ್ನು ಕಿರಿದು ಮಾಡಿದೆ. ಗುಂಪಿನವರಿಗೆ ಬದಲಾಯಿಸಲಾಗದ ಅಥವಾ ಬಿಡಲಾಗದ ಗುಣವೂ ಇರಬೇಕು, ಸುತ್ತಲ ಸಮಾಜ ಅವರನ್ನು ಬೇರೆ ಎಂದು ಕಾಣುವುದೂ ಇರಬೇಕು. ಎರಡರಲ್ಲಿ ಒಂದು ಸಾಲದು.

ಹಿಂಸೆ ಕೊಡೋದು ಸರ್ಕಾರ ಅಲ್ಲ, ಸ್ವಂತ ಅಣ್ಣ ತಮ್ಮಂದಿರು. ಆಗಲೂ ಆಶ್ರಯ ಇದೆಯಾ?

ಇದೆ, ಸರ್ಕಾರ ಕಾಪಾಡುವುದಿಲ್ಲ ಎಂದು ತೋರಿಸಿದರೆ. 2000ದ ಹೊರ್ವಾತ್ ಕೇಸು ಸ್ಲೊವಾಕಿಯಾದ ರೋಮಾ (ಜಿಪ್ಸಿ) ಕುಟುಂಬದ್ದು, ಕಾಟ ಕೊಟ್ಟವರು ಖಾಸಗಿ ಪುಂಡರು. ಪೊಲೀಸು, ಕಾನೂನು, ಶಿಕ್ಷೆ ಇದ್ದು ಅವನ್ನು ನಡೆಸುವ ಮನಸ್ಸೂ ಇದ್ದರೆ ಸಾಕು, ನೂರಕ್ಕೆ ನೂರು ಭದ್ರತೆಯನ್ನು ಯಾವ ದೇಶವೂ ಕೊಡಲಾರದು ಎಂದಿತು ಹೌಸ್ ಆಫ್ ಲಾರ್ಡ್ಸ್. ಕಾಗದದ ಮೇಲಿನ ಕಾನೂನಿಗೂ ಠಾಣೆಯ ಬಾಗಿಲಲ್ಲಿ ನಡೆಯುವುದಕ್ಕೂ ಇರುವ ಅಂತರವನ್ನು ತೋರಿಸುವುದರಲ್ಲೇ ಇಂಥ ಕೇಸು ನಿಂತಿರುತ್ತದೆ. ದೂರು ಕೊಡಲು ಹೋಗಿದ್ದಿರಾ, ಹೋದಾಗ ಏನೆಂದರು, ಹೋಗದಿದ್ದರೆ ಯಾಕೆ ಎಂದು ಕೇಳಿಯೇ ಕೇಳುತ್ತಾರೆ.

ಗೇ ಅಂತ ಯಾರಾದ್ರೂ ಹೇಗೆ ಸಾಬೀತು ಮಾಡೋದು?

ತನ್ನ ಬದುಕನ್ನು ಹೇಳಿಕೊಂಡೇ. 2014ರ ಡಿಸೆಂಬರ್ 2ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ಎ, ಬಿ, ಸಿ ಕೇಸಿನಲ್ಲಿ ಕೆಲವನ್ನು ಪೂರ್ತಿ ನಿಷೇಧಿಸಿತು: ದೈಹಿಕ ಪರೀಕ್ಷೆ, ಖಾಸಗಿ ವಿಡಿಯೋಗಳನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದು, ಹಾಸಿಗೆಯ ವಿವರ ಕೇಳುವುದು. ಮೊದಲ ದಿನವೇ ಹೇಳಲಿಲ್ಲ ಎಂಬುದನ್ನು ಮಾತ್ರ ಇಟ್ಟುಕೊಂಡು ನಂಬದಿರುವುದೂ ತಪ್ಪು ಎಂದಿತು. ಜೀವನಪೂರ್ತಿ ಮುಚ್ಚಿಟ್ಟದ್ದನ್ನು ಯೂನಿಫಾರ್ಮ್ ಹಾಕಿದ ಅಪರಿಚಿತರ ಮುಂದೆ ಹೇಳುವುದು ಎಷ್ಟು ಕಷ್ಟ, ಯೋಚನೆ ಮಾಡಿ.

ಜಾತಿ ಮೀರಿ ಮದುವೆಯಾಗಿ ಜೀವಬೆದರಿಕೆ ಇರೋ ನಮ್ಮವರಿಗೆ ಸಿಗುತ್ತಾ?

ಬಹಳ ಕಷ್ಟ. ಜಾತಿ ಹುಟ್ಟಿನಿಂದ ಬರುವಂಥದ್ದು, ಸಮಾಜ ಅದನ್ನು ಗುರುತಿಸಿಯೇ ಗುರುತಿಸುತ್ತದೆ. ಹಾಗಾಗಿ ಅದನ್ನು ಸಾಮಾಜಿಕ ಗುಂಪು ಎಂದು ವಾದಿಸಬಹುದು. ಅಡ್ಡಿ ಇರುವುದು ಬೇರೆ ಕಡೆ.

ಒಂದು, ಸರ್ಕಾರದ ರಕ್ಷಣೆ. 2018ರ ಶಕ್ತಿ ವಾಹಿನಿ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇಂಥ ಜೋಡಿಗಳಿಗೆ ವಿಶೇಷ ಪೊಲೀಸ್ ಘಟಕ, ಸುರಕ್ಷಿತ ಮನೆ ಬೇಕು ಎಂದು ರಾಜ್ಯಗಳಿಗೆ ಹೇಳಿದೆ. ಹೋಮ್ ಆಫೀಸ್ ಇಂಥದ್ದನ್ನು ಮುಂದಿಡಬಹುದು. ನಿಮ್ಮ ಜಿಲ್ಲೆಯಲ್ಲಿ ಅದು ನಿಜಕ್ಕೂ ಇದೆಯೇ ಎಂದು ನೀವು ತೋರಿಸಬೇಕು.

ಎರಡು, ದೇಶದ ಅಗಲ. ಮಂಡ್ಯದಲ್ಲಿ ಅಪಾಯವಾದರೆ ಪುಣೆಗೆ ಹೋಗಿ ಎನ್ನುತ್ತಾರೆ. ಭಾರತದ ಗೇ ಪುರುಷರ ಬಗ್ಗೆ 2014ರ ಎಂಡಿ, ಲೆಸ್ಬಿಯನ್ ಮಹಿಳೆಯರ ಬಗ್ಗೆ 2016ರ ಎಆರ್ ಮತ್ತು ಎನ್‌ಎಚ್ ಮಾರ್ಗದರ್ಶಿ ತೀರ್ಪುಗಳೂ ಸಾಮಾನ್ಯವಾಗಿ ದೊಡ್ಡ ನಗರಕ್ಕೆ ಹೋಗಿ ಬದುಕಬಹುದು ಎಂದವು. ಓದಿದ, ದುಡಿಯುವ ಹೆಂಗಸಿಗೂ ಓದಿಲ್ಲದ ಹಳ್ಳಿಯ ಹೆಂಗಸಿಗೂ ಇರುವ ವ್ಯತ್ಯಾಸವನ್ನು ಎರಡನೆಯ ತೀರ್ಪು ಗಮನಿಸಿತು.

ಮೂರು, ಭಾರತ ಬ್ರಿಟನ್ನಿನ 2002ರ ರಾಷ್ಟ್ರೀಯತೆ, ವಲಸೆ ಮತ್ತು ಆಶ್ರಯ ಕಾಯ್ದೆಯ 94ನೇ ಸೆಕ್ಷನ್ನಿನ ಪಟ್ಟಿಯಲ್ಲಿದೆ. ಅಂದರೆ ಸಾಮಾನ್ಯವಾಗಿ ಸುರಕ್ಷಿತ ದೇಶ ಎಂಬ ಊಹೆಯಿಂದ ಶುರು. ಅರ್ಜಿಯಲ್ಲಿ ಹುರುಳೇ ಇಲ್ಲ ಎಂದು ಪ್ರಮಾಣೀಕರಿಸಿಬಿಟ್ಟರೆ ಟ್ರಿಬ್ಯೂನಲ್ ಬಾಗಿಲೇ ಮುಚ್ಚುತ್ತದೆ. ಉಳಿಯುವುದು ರಿಟ್ ಥರದ ನ್ಯಾಯಾಂಗ ಪರಿಶೀಲನೆ ಮಾತ್ರ. ಪಟ್ಟಿಯನ್ನೇ ಪ್ರಶ್ನಿಸಿ ಗೆದ್ದದ್ದೂ ಇದೆ. ಗೇ, ಲೆಸ್ಬಿಯನ್ ಜನರಿಗೆ ಅಷ್ಟು ಅಪಾಯ ಇರುವಾಗ ಜಮೈಕಾವನ್ನು ಸುರಕ್ಷಿತ ಎಂದದ್ದು ಕಾನೂನುಬಾಹಿರ ಎಂದು 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

## ಇನ್ನೂ ಆಳಕ್ಕೆ ಹೋಗುವವರಿಗೆ

ಬೇರೆ ಊರಿಗೆ ಹೋಗಿ ಅನ್ನೋದಕ್ಕೆ ಮಿತಿ ಇಲ್ವಾ?

ಇದೆ. 2006ರ ಜನೂಜಿ ಕೇಸಿನ ಪ್ರಕಾರ, ಆ ಊರಲ್ಲಿ ಅಪಾಯ ಇರಬಾರದು ಎಂಬುದು ಮೊದಲನೆಯದು. ಈ ವ್ಯಕ್ತಿ ಅಲ್ಲಿಗೆ ಹೋಗಿ ಬದುಕಬೇಕೆಂದು ಹೇಳುವುದು ಅತಿಯಾದ ಕಠೋರತೆ ಆಗಬಾರದು ಎಂಬುದು ಎರಡನೆಯದು. ವಯಸ್ಸು, ಆರೋಗ್ಯ, ಭಾಷೆ, ಮಕ್ಕಳು, ದುಡಿಮೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಹೊಸ ಊರಲ್ಲಿ ತನ್ನ ಗುರುತನ್ನು ಮುಚ್ಚಿಟ್ಟರೆ ಮಾತ್ರ ಬದುಕು ಎಂದಾದರೆ ಎಚ್‌ಜೆ ತೀರ್ಪು ಮತ್ತೆ ಅಡ್ಡ ಬರುತ್ತದೆ.

ಐದು ಕಾರಣದಲ್ಲಿ ಯಾವುದೂ ಹೊಂದದಿದ್ರೆ ಕಳಿಸಿಬಿಡ್ತಾರಾ?

ತಕ್ಷಣ ಅಲ್ಲ. ಐರೋಪ್ಯ ಮಾನವ ಹಕ್ಕುಗಳ ಒಪ್ಪಂದದ 3ನೇ ವಿಧಿ ಚಿತ್ರಹಿಂಸೆ, ಅಮಾನವೀಯ ವರ್ತನೆಯನ್ನು ಪೂರ್ತಿ ನಿಷೇಧಿಸುತ್ತದೆ. ಅದಕ್ಕೆ ಕಾರಣ ಯಾವುದು ಎಂಬ ಪ್ರಶ್ನೆಯೇ ಇಲ್ಲ. 1996ರ ಚಹಲ್ ಕೇಸಿನಲ್ಲಿ, ಭಾರತಕ್ಕೆ ಗಡಿಪಾರು ಮಾಡಲು ಹೊರಟಿದ್ದ ಒಬ್ಬ ಸಿಖ್ ಹೋರಾಟಗಾರನ ವಿಷಯದಲ್ಲಿ, ದೇಶದ ಭದ್ರತೆಯ ಕಾರಣ ಹೇಳಿದರೂ ಚಿತ್ರಹಿಂಸೆಯ ಅಪಾಯ ಇರುವಲ್ಲಿಗೆ ಕಳಿಸುವಂತಿಲ್ಲ ಎಂದು ಸ್ಟ್ರಾಸ್‌ಬರ್ಗ್‌ನಲ್ಲಿರುವ ಐರೋಪ್ಯ ಮಾನವ ಹಕ್ಕುಗಳ ಕೋರ್ಟ್ ತೀರ್ಪು ಕೊಟ್ಟಿತು.

ಟ್ರಿಬ್ಯೂನಲ್‌ನಲ್ಲಿ ಸೋತರೆ ಮುಂದೆ?

ಅಪ್ಪರ್ ಟ್ರಿಬ್ಯೂನಲ್‌ಗೆ ಹೋಗಬಹುದು, ಆದರೆ ಅನುಮತಿ ಸಿಕ್ಕರೆ, ಅದೂ ಕಾನೂನಿನ ತಪ್ಪು ತೋರಿಸಿದರೆ ಮಾತ್ರ. ಜಡ್ಜ್ ನನ್ನನ್ನು ನಂಬಲಿಲ್ಲ ಎಂಬುದು ಕಾನೂನಿನ ತಪ್ಪಲ್ಲ. ಮುಖ್ಯ ಸಾಕ್ಷ್ಯವನ್ನು ನೋಡಲೇ ಇಲ್ಲ, ಕಾರಣ ಕೊಡಲಿಲ್ಲ, ಮಾರ್ಗದರ್ಶಿ ತೀರ್ಪನ್ನು ಬಿಟ್ಟುಬಿಟ್ಟರು, ಇವು ತಪ್ಪುಗಳು. ಅಲ್ಲಿಂದ ಮೇಲೆ ಅಪೀಲು ಕೋರ್ಟ್.

ಎಲ್ಲ ಮುಗಿದ ಮೇಲೂ ನಿಜವಾಗಿ ಹೊಸ ಸಾಕ್ಷ್ಯ ಸಿಕ್ಕರೆ ಅದನ್ನು ಹೋಮ್ ಆಫೀಸಿಗೆ ಕೊಡಬಹುದು. ಹೊಸ ಅರ್ಜಿ ಎಂದು ಅವರು ಒಪ್ಪಿ ಮತ್ತೆ ತಿರಸ್ಕರಿಸಿದರೆ ಸಾಮಾನ್ಯವಾಗಿ ಮತ್ತೆ ಅಪೀಲು ಸಿಗುತ್ತದೆ. ಆಗ ಎರಡನೆಯ ಜಡ್ಜ್ ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. 2002ರ ದೇವಶೀಲನ್ ತೀರ್ಪಿನ ಪ್ರಕಾರ ಮೊದಲ ಜಡ್ಜ್ ಕಂಡುಕೊಂಡದ್ದೇ ಆರಂಭದ ನೆಲೆ. ಮೊದಲೇ ಹೇಳಬಹುದಾಗಿದ್ದ ಸಂಗತಿಯನ್ನು ಈಗ ತಂದರೆ ಅನುಮಾನದಿಂದಲೇ ನೋಡುತ್ತಾರೆ. ಹಾಗಾಗಿ ನಾಚಿಕೆಯಿಂದಲೋ ಹೆದರಿಕೆಯಿಂದಲೋ ಮುಚ್ಚಿಟ್ಟ ಸಂಗತಿ ಇದ್ದರೆ ಮೊದಲ ವಿಚಾರಣೆಗೆ ಮುಂಚೆಯೇ ವಕೀಲರ ಕಿವಿಗೆ ಹಾಕಿ. ಗಂಡಸಿನ ಮುಂದೆ ಹೇಳಲಾಗದಿದ್ದರೆ ಮಹಿಳಾ ವಕೀಲರನ್ನು, ಮಹಿಳಾ ದುಭಾಷಿಯನ್ನು ಕೇಳಬಹುದು. ಹಾಗೆ ಕೇಳುವುದರಿಂದ ಕೇಸಿಗೆ ಯಾವ ತೊಂದರೆಯೂ ಇಲ್ಲ.